ಕತ್ತಲೆ ಕಪ್ಪಾಗಿ ಕಾಣುವ ಟೀವಿ

ಈಗ ಟೀವಿ ಕೊಳ್ಳಲು ಹೊರಟವರು ಮೊದಲು ಇಂಚೆಷ್ಟು ಎಂದು ಕೇಳುತ್ತಾರೆ, ಆಮೇಲೆ ಕಂತು ಎಷ್ಟು ತಿಂಗಳಿಗೆ ಎಂದು. 2008ರ ಚೆನ್ನೈಯಲ್ಲಿ ಮಾತು ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಟಿ. ನಗರದ ದೊಡ್ಡ ಅಂಗಡಿಗಳಲ್ಲಿ ಒಂದು ಗೋಡೆಗೆ ಪ್ಲಾಸ್ಮಾ, ಎದುರು ಗೋಡೆಗೆ ಎಲ್‌ಸಿಡಿ, ಕೆಳಗೆ ನೆಲದ ಮೇಲೆ ಬೆನ್ನುಬ್ಬಿದ ಪಿಕ್ಚರ್ ಟ್ಯೂಬಿನ ಟೀವಿಗಳು ಸಾಲಾಗಿ ಕೂತಿರುತ್ತಿದ್ದವು. ಮೂರೂ ಬೇರೆ ಬೇರೆ ಕುಲದವು. ಪಿಕ್ಚರ್ ಟ್ಯೂಬಿನದರಲ್ಲಿ ಗಾಜಿನ ಬುರುಡೆಯೊಳಗೆ ಎಲೆಕ್ಟ್ರಾನುಗಳು ಹಾರಿ ಬಂದು ಪರದೆಯ ಒಳಮೈಗೆ ಬಡಿಯುತ್ತಿದ್ದವು. ಪ್ಲಾಸ್ಮಾದಲ್ಲಿ ಎರಡು ಗಾಜಿನ ಹಲಗೆಗಳ ನಡುವೆ ಲಕ್ಷಾಂತರ ಕಿರುಗೂಡುಗಳು, ಅವುಗಳಲ್ಲಿ ನಿಯಾನ್, ಕ್ಸೆನಾನ್ ಅನಿಲ. ಎಲ್‌ಸಿಡಿಯಲ್ಲಿ ಹಿಂದೆ ಸದಾ ಉರಿಯುವ ದೀಪ, ಮುಂದೆ ಆ ಬೆಳಕನ್ನು ತಡೆದು ಬಿಡುವ ದ್ರವಹರಳಿನ ಪದರ. ಕೊಳ್ಳುವವರಿಗೆ ಇವುಗಳ ಒಳಗುಟ್ಟು ಸ್ವಲ್ಪವಾದರೂ ತಿಳಿದಿರಬೇಕಿತ್ತು. ತಿಳಿಯದಿದ್ದರೆ ಅಂಗಡಿಯಲ್ಲಿ ಕಂಡ ಚಿತ್ರವೇ ಬೇರೆ, ಮನೆಗೆ ತಂದ ಮೇಲೆ ಕಾಣುವ ಚಿತ್ರವೇ ಬೇರೆ ಆಗುತ್ತಿತ್ತು.

ನಮ್ಮ ಮನೆಗೆ ಮೊದಲ ಟೀವಿ ಬಂದದ್ದು 1983ರಲ್ಲಿ. ಆಗ ಊರಿನ ಹೆಸರು ಮದ್ರಾಸು. ಅಪ್ಪ ಕುಂದಾಪುರದ ಕಡೆಯಿಂದ ಬಂದು ಉಡುಪಿ ಹೋಟೆಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ತಿರುವಲ್ಲಿಕ್ಕೇಣಿಯ ಓಣಿಯೊಂದರಲ್ಲಿ ನಾಲ್ಕು ಸಂಸಾರಗಳಿದ್ದ ಹಳೆಯ ಮನೆ, ಅದರಲ್ಲೊಂದು ಪೋರ್ಷನ್ ನಮ್ಮದು. ಮುಂದಿನ ಕೋಣೆ ಹತ್ತಡಿ ಉದ್ದ, ಎಂಟಡಿ ಅಗಲ. ಅಮ್ಮ ಅದನ್ನೇ ಚಾವಡಿ ಎನ್ನುತ್ತಿದ್ದಳು. ಅಲ್ಲಿ ಅಪ್ಪನ ಬೆತ್ತದ ಆರಾಮಕುರ್ಚಿ, ಊರಿಂದ ತಂದ ಹಲಸಿನ ಮರದ ಸಂದೂಕ, ಗೋಡೆಗೊರಗಿಸಿಟ್ಟ ಮಣೆಗಳು. ಸಂದೂಕದ ಮೇಲಿದ್ದ ಹಾಸಿಗೆ ಸುರುಳಿಯನ್ನು ಇಳಿಸಿ ಟೀವಿಗೆ ಜಾಗ ಮಾಡಿದೆವು. ಮದ್ರಾಸಿನಲ್ಲೇ ತಯಾರಾಗುತ್ತಿದ್ದ ಡಯನೋರಾ, 20 ಇಂಚು, ಕಪ್ಪುಬಿಳುಪು, ಬೆಲೆ 3,650 ರೂಪಾಯಿ. ಮರದ ಪೆಟ್ಟಿಗೆ, ಮುಂದೆ ಎರಡು ಪಕ್ಕಕ್ಕೂ ಸರಿಯುವ ಬಾಗಿಲು, ಬಾಗಿಲಿಗೊಂದು ಬೀಗ. ಆಗಷ್ಟೇ ಬ್ಯಾಂಕಿಗೆ ಸೇರಿದ್ದ ನನಗೆ ಬಣ್ಣದ ಟೀವಿಯ ಹುಚ್ಚು. ದೂರದರ್ಶನಕ್ಕೆ ಬಣ್ಣ ಬಂದು ಒಂದು ವರ್ಷವೂ ಆಗಿರಲಿಲ್ಲ, ಬೆಲೆ ಮೂರು ಪಟ್ಟು. ಅಪ್ಪನಿಗೆ ಬಣ್ಣಕ್ಕಿಂತ ಬೀಗ ಮುಖ್ಯವಾಗಿತ್ತು, ತಂಗಿಯ ಪರೀಕ್ಷೆ ಹತ್ತಿರವಿತ್ತು.

ಮದ್ರಾಸು ದೂರದರ್ಶನ ಶುರುವಾದದ್ದು 1975ರ ಆಗಸ್ಟ್ 15ಕ್ಕೆ. ಅದರ ಕೇಂದ್ರ ಚೇಪಾಕದ ಪಕ್ಕದಲ್ಲೇ, ನಮ್ಮ ತಾರಸಿಯಿಂದ ಗೋಪುರ ಕಾಣುತ್ತಿತ್ತು. ತಾಂಬರಂ ಕಡೆಯ ನೆಂಟರು ಆಂಟೆನಾವನ್ನು ಎತ್ತರದ ಕೊಳವೆಗೆ ಕಟ್ಟಿ ತಿರುಗಿಸುತ್ತ ಪಾಡು ಪಡುತ್ತಿದ್ದರೆ ನಮಗೆ ಬೇರೆ ತೊಂದರೆ. ಅಲೆ ಬಲವಾಗಿ ಬಂದು ಸುತ್ತಲಿನ ಕಟ್ಟಡಗಳಿಗೂ ಬಡಿದು ಮತ್ತೆ ನಮ್ಮಲ್ಲಿಗೇ ಬರುತ್ತಿತ್ತು. ಹಾಗಾಗಿ ಪರದೆಯಲ್ಲಿ ಪ್ರತಿ ಮನುಷ್ಯನ ಬಲಕ್ಕೂ ಅವನದೇ ಮಸುಕು ನೆರಳೊಂದು ನಿಂತಿರುತ್ತಿತ್ತು. 1983ರ ಜೂನ್ 25ರ ರಾತ್ರಿ ಲಾರ್ಡ್ಸ್‌ನಲ್ಲಿ ಕಪಿಲ್ ದೇವ್ ವಿಶ್ವಕಪ್ಪು ಎತ್ತಿದಾಗ ನಮ್ಮ ಚಾವಡಿಯಲ್ಲಿ ಇಬ್ಬರು ಕಪಿಲರು ಎರಡು ಕಪ್ಪು ಎತ್ತಿದರು. ನಾಲ್ಕು ಸಂಸಾರದವರೂ ಜಮಖಾನದ ಮೇಲೆ ಕೂತು ಕೂಗಿದೆವು. ಆ ನೆರಳು ಯಾರ ಕಣ್ಣಿಗೂ ಚುಚ್ಚಲಿಲ್ಲ.

ಬಣ್ಣದ ಆಸೆ ತೀರಿಸಿಕೊಳ್ಳಲು ನಾನೇ ಮೂರ್ ಮಾರ್ಕೆಟ್‌ಗೆ ಹೋಗಿ 35 ರೂಪಾಯಿಗೆ ಒಂದು ಪ್ಲಾಸ್ಟಿಕ್ ಹಾಳೆ ತಂದೆ. ಪರದೆಯ ಮುಂದೆ ಸಿಕ್ಕಿಸುವಂಥದ್ದು: ಮೇಲೆ ನೀಲಿ, ನಡುವೆ ಕೆಂಪು ಬೆರೆತ ಹಳದಿ, ಕೆಳಗೆ ಹಸಿರು. ಬಯಲು, ಆಕಾಶ, ಸಮುದ್ರ ಬಂದರೆ ಸೊಗಸು. ವಾರ್ತೆ ಓದುವ ಹೆಂಗಸಿಗೆ ಮಾತ್ರ ನೀಲಿ ಹಣೆ, ಹಸಿರು ಕೊರಳು. ಇಪ್ಪತ್ತೈದರ ಹರೆಯದಲ್ಲಿ ನಾನು ಅದನ್ನೇ ಬಣ್ಣದ ಟೀವಿ ಎಂದು ಸಹೋದ್ಯೋಗಿಗಳಿಗೆ ಹೆಮ್ಮೆಯಿಂದ ಹೇಳಿದ್ದೆ, ಅವರೂ ಬಂದು ನೋಡಿ ಸಂತೋಷಪಟ್ಟು ಹೋಗಿದ್ದರು. ಮೂರ್ ಮಾರ್ಕೆಟ್ 1985ರಲ್ಲಿ ಸುಟ್ಟುಹೋಯಿತು. ಟೀವಿಗೆ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಪಡೆಯಬೇಕಿದ್ದ ಲೈಸೆನ್ಸು ಕೂಡ ಆ ಹೊತ್ತಿಗೆ ರದ್ದಾಯಿತು.

ಆ ಟೀವಿಗೆ ಅದರದೇ ಒಂದು ವಾಸನೆ ಇತ್ತು. ಗುಂಡಿ ಒತ್ತಿ ಸ್ವಲ್ಪ ಹೊತ್ತಿಗೆ ಬಿಸಿಯೇರಿದ ಧೂಳು, ಮರದ ಪಾಲಿಶು, ಜೊತೆಗೆ ಮಳೆಗೆ ಮುಂಚಿನ ಮಿಂಚಿನಂಥ ಒಂದು ಘಾಟು. ಒಳಗೆ ಸಾವಿರಾರು ವೋಲ್ಟು ಹರಿಯುತ್ತಿತ್ತು. ಪರದೆಯ ಹತ್ತಿರ ತೋಳು ಹಿಡಿದರೆ ರೋಮ ನಿಮಿರುತ್ತಿತ್ತು. ಕೆಟ್ಟಾಗ ರಿಚಿ ಸ್ಟ್ರೀಟಿನ ಕಡೆಯಿಂದ ಒಬ್ಬ ರಿಪೇರಿಯವರು ತಗಡಿನ ಪೆಟ್ಟಿಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬರುತ್ತಿದ್ದರು. ಬೆಸುಗೆಯ ರಾಳದ ಹೊಗೆ ಅಡುಗೆಮನೆಯವರೆಗೂ ಹಬ್ಬುತ್ತಿತ್ತು. ಒಮ್ಮೆ ಹಿಂಬದಿಯ ಹಲಗೆ ಬಿಚ್ಚಿದಾಗ ಟ್ಯೂಬಿನ ಮೇಲೆ ಭಾರತ್ ಎಲೆಕ್ಟ್ರಾನಿಕ್ಸ್ ಎಂದಿದ್ದ ಚೀಟಿ ಕಂಡಿತು. ಬೆಂಗಳೂರಿನ ಆ ಸಂಸ್ಥೆ ಆಗ ಕಪ್ಪುಬಿಳುಪು ಪಿಕ್ಚರ್ ಟ್ಯೂಬುಗಳನ್ನು ಮಾಡುತ್ತಿತ್ತು. ನಮ್ಮ ಕಡೆಯದೇ ಅಂತ ಅಮ್ಮ ರಿಪೇರಿಯವರಿಗೆ ಇನ್ನೊಂದು ಲೋಟ ಕಾಫಿ ಕೊಟ್ಟಳು.

ಮದ್ರಾಸಿನ ಟೀವಿಯಲ್ಲಿ ಕನ್ನಡ ಅಪರೂಪ. ಭಾನುವಾರ ಮಧ್ಯಾಹ್ನ ದಿಲ್ಲಿಯಿಂದ ಬರುತ್ತಿದ್ದ ಪ್ರಾದೇಶಿಕ ಚಿತ್ರಗಳಲ್ಲಿ ಎಂದೋ ಒಂದು ಕನ್ನಡದ್ದು ಸಿಕ್ಕಿದರೆ ಅಂದು ಅಡುಗೆ ಬೇಗ ಮುಗಿಯುತ್ತಿತ್ತು. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ ಮಾಲ್ಗುಡಿ ಡೇಸ್ ಹಿಂದಿಯಲ್ಲಿ ಬಂತು. ಮಾತು ಬಿಟ್ಟು ಅಮ್ಮ ಮಳೆ, ಮಾಡು, ಅಂಗಳ ನೋಡುತ್ತಿದ್ದಳು. ಹೀಗಾಗಿ 1994ರಲ್ಲಿ ಉದಯ ಟೀವಿ ಶುರುವಾಗಿ ಕೇಬಲ್ಲಿನಲ್ಲಿ ಬರತೊಡಗಿದಾಗ ನಮಗದು ದೊಡ್ಡ ಸುದ್ದಿ. ಆಗ ಪಶ್ಚಿಮ ಮಾಂಬಲದ ಮೊದಲ ಮಹಡಿಯ ಮನೆಗೆ ಬಂದಿದ್ದೆವು. ಕೇಬಲ್ ಹುಡುಗ ತಂತಿ ಎಳೆದ, ಆದರೆ ಡಯನೋರಾದ ತಿರುಗುಗುಂಡಿಗೆ ಅಷ್ಟು ಮೇಲಿನ ಚಾನೆಲ್ ಎಟುಕಲಿಲ್ಲ. ನಾನು ಹನ್ನೊಂದು ವರ್ಷ ಬಯಸಿದ್ದ ಬಣ್ಣ ಕೊನೆಗೆ ಮನೆಗೆ ಬಂದದ್ದು ಬಣ್ಣಕ್ಕಾಗಿ ಅಲ್ಲ, ಟ್ಯೂನರಿಗಾಗಿ. 21 ಇಂಚಿನ ಬಿಪಿಎಲ್, 16,900 ರೂಪಾಯಿ, ಅದಕ್ಕೆ ಕಾವಲಿಗೊಂದು ಸ್ಟೆಬಿಲೈಸರ್. ಡಯನೋರಾದ ಮರದ ಪೆಟ್ಟಿಗೆ ಬಹುಕಾಲ ಅಕ್ಕಿ ಡಬ್ಬಗಳ ಗೂಡಾಗಿ ಬಾಳಿತು.

2006ರ ಚುನಾವಣೆಯಲ್ಲಿ ಕರುಣಾನಿಧಿಯವರ ಪಕ್ಷ ಮನೆಮನೆಗೆ ಉಚಿತ ಬಣ್ಣದ ಟೀವಿ ಎಂದು ಮಾತು ಕೊಟ್ಟು ಗೆದ್ದಿತು. ಗೆದ್ದ ವರ್ಷವೇ ಹಂಚಿಕೆ ಶುರುವಾಯಿತು, 2011ರವರೆಗೆ ನಡೆಯಿತು. ಹೋದದ್ದು ಕೋಟಿಗೂ ಮೀರಿದ ಟೀವಿಗಳು. 14 ಇಂಚಿನವು, ಎಲ್ಲವೂ ಪಿಕ್ಚರ್ ಟ್ಯೂಬಿನವು. ನಮ್ಮ ಬೀದಿಯ ತುದಿಯಲ್ಲಿ ಇಸ್ತ್ರಿ ಗಾಡಿ ಇಟ್ಟಿದ್ದವರ ಮನೆಗೂ ಒಂದು ಬಂತು. ಗಾಡಿಯ ಇದ್ದಿಲು ಆರಿಸಿ ಸಂಜೆ ಬೇಗ ಮನೆಗೆ ಹೋಗುತ್ತಿದ್ದರು. ಅದೇ ವರ್ಷಗಳಲ್ಲಿ ಅಲ್ಲಿಂದ ಒಂದು ಮೈಲಿಯೊಳಗೆ, ಟಿ. ನಗರದ ಗಾಜಿನ ಬಾಗಿಲುಗಳ ಹಿಂದೆ, 42 ಇಂಚಿನ ಪ್ಲಾಸ್ಮಾಗಳು ಮೀನಿನ ಮೈಬಣ್ಣ, ಹೂವಿನ ಎಸಳು ತೋರಿಸುತ್ತ ನಿಂತಿದ್ದವು. 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬಿಟ್ಜರ್, ಸ್ಲಾಟೊ, ವಿಲ್ಸನ್ ಎಂಬ ಮೂವರು ಕಂಪ್ಯೂಟರಿನ ಪಾಠದ ಪರದೆಗೆಂದು ಮಾಡಿದ ಸಾಧನ ಅದು. ಮಾಂಬಲಕ್ಕೆ ಬರಲು ನಲವತ್ತು ವರ್ಷ ಹಿಡಿಯಿತು.

ನಮ್ಮ ಬಳಗದಲ್ಲಿ ಮೊದಲು ಪ್ಲಾಸ್ಮಾ ತಂದವರು ಕೊಟ್ಟೂರುಪುರದ ಭಾವ. 2008ರ ಹೊಸವರ್ಷದ ಮಾರಾಟ. ಜನವರಿ ಒಂದಕ್ಕೆ ಬೆಳಕು ಹರಿಯುವ ಮೊದಲೇ ಅಂಗಡಿಗಳ ಮುಂದೆ ಸಾಲು ನಿಲ್ಲುವುದು ಚೆನ್ನೈಯಲ್ಲಿ ಆಗ ಒಂದು ಹಬ್ಬ. ವಿವೇಕ್ಸ್‌ನವರು ಹಾಕಿಕೊಟ್ಟ ಪದ್ಧತಿಯನ್ನು ಉಳಿದವರೂ ಹಿಡಿದಿದ್ದರು. ಭಾವ ಫ್ಲಾಸ್ಕಿನಲ್ಲಿ ಕಾಫಿ ಕಟ್ಟಿಕೊಂಡು ಹೋಗಿ ನಿಂತರು, 68,000 ಕೊಟ್ಟು 42 ಇಂಚಿನದನ್ನು ತಂದರು. ಮರುದಿನದಿಂದ ನೆಂಟರೆಲ್ಲ ಒಂದೇ ಪ್ರಶ್ನೆ ಕೇಳಿದರು: ಇದಕ್ಕೆ ಎಷ್ಟು ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು? ಫ್ರಿಜ್ಜಿಗೆ ತುಂಬಿಸುತ್ತಾರಲ್ಲ, ಹಾಗೆ ಎಂಬ ಲೆಕ್ಕ. ಆ ನಂಬಿಕೆ ಊರೆಲ್ಲ ಇತ್ತು, ಅದನ್ನೇ ಹೇಳಿ ಎಲ್‌ಸಿಡಿ ಮಾರುವವರೂ ಇದ್ದರು. ಕಿರುಗೂಡುಗಳ ಅನಿಲ ತಯಾರಾದ ದಿನವೇ ಗಾಜಿನೊಳಗೆ ಮುಚ್ಚಿಹೋಗಿರುತ್ತದೆ, ಖರ್ಚಾಗುವಂಥದ್ದಲ್ಲ. ವಿದ್ಯುತ್ತು ಸೋಕಿದಾಗ ಅದು ಕಣ್ಣಿಗೆ ಕಾಣದ ನೇರಳಾತೀತ ಕಿರಣ ಬಿಡುತ್ತದೆ, ಆ ಕಿರಣ ಗೂಡಿನ ಗೋಡೆಗೆ ಬಳಿದ ಕೆಂಪು, ಹಸಿರು, ನೀಲಿ ಪುಡಿಯನ್ನು ಬೆಳಗಿಸುತ್ತದೆ. ಭಾವ ಇದನ್ನು ಬಂದವರಿಗೆಲ್ಲ ಬಿಡಿಸಿ ಹೇಳುತ್ತಿದ್ದರು, ನಾನೂ ಅಲ್ಲೇ ಕಲಿತೆ.

ಏಪ್ರಿಲ್ 18ಕ್ಕೆ ಐಪಿಎಲ್ಲಿನ ಮೊಟ್ಟಮೊದಲ ಪಂದ್ಯ, ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ. ಚೆನ್ನೈಯ ಕನ್ನಡಿಗರಾದ ನಾವು ಆ ರಾತ್ರಿ ಬೆಂಗಳೂರಿನ ಪಕ್ಷ. ಭಾವನ ಮನೆಯ ದೀಪ ಆರಿಸಿ ಕೂತೆವು. ಕೋಲ್ಕತ್ತದ ಮೆಕಲಮ್ 73 ಎಸೆತಕ್ಕೆ 158 ಹೊಡೆದ, ಬೆಂಗಳೂರು 82ಕ್ಕೆ ಗಂಟುಮೂಟೆ ಕಟ್ಟಿತು. ಸೋತದ್ದು ಬೇಸರವಾದರೂ ನನ್ನ ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ಹೊನಲು ದೀಪಗಳ ಆಚೆಗಿನ ಆಕಾಶ ನಿಜಕ್ಕೂ ಕಪ್ಪಾಗಿತ್ತು. ಚೆಂಡು ಗಡಿ ದಾಟಿ ಆ ಕಪ್ಪಿನೊಳಗೆ ಹೋಗುವವರೆಗೂ ದುಂಡಗೆ, ಬಿಳಿಯಾಗಿ ಉಳಿಯುತ್ತಿತ್ತು. ಆಗಿನ ಎಲ್‌ಸಿಡಿಗಳಲ್ಲಿ ಹರಳು ತಿರುಗಲು ತಡವಾಗಿ ಚೆಂಡಿನ ಹಿಂದೆ ಬಾಲವೊಂದು ಎಳೆಯುತ್ತಿತ್ತು. ಪ್ಲಾಸ್ಮಾದ ಮೇಲಂಚಿಗೆ ಕೈಯಿಟ್ಟರೆ ಮಾತ್ರ ದೋಸೆಕಾವಲಿಯ ಹತ್ತಿರ ನಿಂತ ಹಾಗೆ ಶಾಖ. ಏಪ್ರಿಲ್ಲಿನ ಚೆನ್ನೈಯಲ್ಲಿ ಎರಡು ಫ್ಯಾನು ತಿರುಗಿದರೂ ನಾವು ಬೆವರಿದೆವು.

ನಮ್ಮ ಸರದಿ ಆ ವರ್ಷದ ದೀಪಾವಳಿಗೆ ಬಂತು. ನಾನು ಒಂದು ಡಿವಿಡಿ ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದೆ: 1965ರ ಕಪ್ಪುಬಿಳುಪು ಸತ್ಯ ಹರಿಶ್ಚಂದ್ರ. ಕನ್ನಡ ಚಿತ್ರಗಳು ಕೋಡಂಬಾಕ್ಕಂ, ವಡಪಳನಿಯ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲದ ಚಿತ್ರ. ರಾಜಕುಮಾರ್ ಸ್ಮಶಾನ ಕಾಯುವ ರಾತ್ರಿಯ ಭಾಗ ಹಾಕು ಎಂದೆ. ಮಾರಾಟದ ಹುಡುಗನಿಗೆ ಅಚ್ಚರಿ. ಎಲ್ಲರೂ ಹೊಸ ಹಾಡು ಕೇಳುವವರು. ಹಾಕಿದ. ಎಲ್‌ಸಿಡಿಯಲ್ಲಿ ಸ್ಮಶಾನದ ಇರುಳು ನೀಲಿಬೂದಿಯಾಗಿ ತೇಲಿತು, ಹಿಂದಿನ ದೀಪ ಆರದೆ ಉರಿಯುವುದರಿಂದ ಹರಳು ಎಷ್ಟು ಮುಚ್ಚಿಕೊಂಡರೂ ಬೆಳಕು ಸೋರುತ್ತಿತ್ತು. ಪ್ಲಾಸ್ಮಾದಲ್ಲಿ ಬೆಳಗದ ಗೂಡು ಹೆಚ್ಚುಕಡಿಮೆ ಕತ್ತಲು. ಆದರೆ ಅದು ಕಂಡದ್ದು ನಾನು ಅಂಗೈ ಅಡ್ಡ ಹಿಡಿದಾಗ. ಅಂಗಡಿಯ ಚಾವಣಿಯಲ್ಲಿ ಸಾಲು ಸಾಲು ಟ್ಯೂಬ್‌ಲೈಟು, ಅವೆಲ್ಲ ಪ್ಲಾಸ್ಮಾದ ಗಾಜಿನ ಮೇಲೆ ಬಿದ್ದು ಚಿತ್ರವನ್ನೇ ತಿಂದುಹಾಕಿದ್ದವು. ಹೊಳಪಿಲ್ಲದ ಮೈಯ ಎಲ್‌ಸಿಡಿ ಮಾತ್ರ ಆ ಬೆಳಕಿನಲ್ಲೂ ಝಗಝಗಿಸುತ್ತಿತ್ತು. ಬಂದವರೆಲ್ಲ ಅದನ್ನೇ ಬೆರಳು ತೋರಿಸಿ ಕೊಳ್ಳುತ್ತಿದ್ದರು. ಇಷ್ಟು ಒಳ್ಳೆಯ ಪರದೆ ಇಂಥ ಬೆಳಕಿನಲ್ಲಿ ಸೋಲಬೇಕಾಯಿತಲ್ಲ ಎಂದು ನನಗೆ ಇಂದಿಗೂ ನೋವಿದೆ.

ಹಾಗಿದ್ದೂ ನಾವು ತಂದದ್ದು ಎಲ್‌ಸಿಡಿಯನ್ನೇ: 32 ಇಂಚು, 36,500 ರೂಪಾಯಿ. ನಮ್ಮ ಹಜಾರಕ್ಕೆ ಪಶ್ಚಿಮದ ದೊಡ್ಡ ಕಿಟಕಿ, ಮೂರು ಗಂಟೆಯಿಂದ ಬಿಸಿಲು ಒಳಗೇ ಕೂರುತ್ತಿತ್ತು. ಕುರ್ಚಿಗೂ ಗೋಡೆಗೂ ಏಳಡಿ; 42 ಇಂಚು ಅಲ್ಲಿಗೆ ಹೆಚ್ಚು, ಪ್ಲಾಸ್ಮಾ ಅದಕ್ಕಿಂತ ಚಿಕ್ಕದು ನಾವು ಹೋದ ಅಂಗಡಿಯಲ್ಲಿ ಇರಲಿಲ್ಲ. ಎರಡು ತಿಂಗಳಿಗೊಮ್ಮೆ ಬರುವ ವಿದ್ಯುತ್ ಮಂಡಳಿಯ ಬಿಲ್ಲನ್ನು ನನ್ನ ಹೆಂಡತಿ ಕಡತ ಕಟ್ಟಿ ಇಡುತ್ತಿದ್ದಳು. ಪ್ಲಾಸ್ಮಾ ಎಳೆಯುವುದರ ಅರ್ಧದಷ್ಟು ಕರೆಂಟಿನಲ್ಲಿ ಈ ಎಲ್‌ಸಿಡಿ ನಡೆಯುತ್ತದೆ ಎಂಬ ಲೆಕ್ಕ ಅವಳದೇ. ಚಿತ್ರ ಯಾವುದು ಚೆಂದ ಎಂಬುದು ನನಗೆ ತಿಳಿದಿತ್ತು, ಮನೆ ಯಾವುದನ್ನು ತಾಳುತ್ತದೆ ಎಂಬುದು ಅವಳಿಗೆ.

ಅಮ್ಮ ಮಾತ್ರ ತನ್ನ ಕೋಣೆಯ ಡಬ್ಬ ಟೀವಿಯನ್ನು ಬಿಡಲಿಲ್ಲ. ಅವಳ ಹಟಕ್ಕೆ ಕಾರಣವಿತ್ತು. ಆಗ ಕೇಬಲ್ಲಿನಲ್ಲಿ ಬರುತ್ತಿದ್ದ ಚಿತ್ರದ ಸಾಲುಗಳು 625, ಪಿಕ್ಚರ್ ಟ್ಯೂಬು ಅದಕ್ಕೆಂದೇ ಹುಟ್ಟಿದ್ದು. ಅದೇ ಚಿತ್ರವನ್ನು ನಮ್ಮ 32 ಇಂಚಿನ ಎಲ್‌ಸಿಡಿ ಹಿಗ್ಗಿಸಿ, ಅಡ್ಡಡ್ಡ ಎಳೆದು ತೋರಿಸುತ್ತಿತ್ತು. ಧಾರಾವಾಹಿಯ ಸೊಸೆಯರೆಲ್ಲ ದಪ್ಪಗೆ, ಮುಖದ ಅಂಚೆಲ್ಲ ಚೂರುಚೂರು. ಅಮ್ಮನ 21 ಇಂಚಿನಲ್ಲಿ ಮುಖ ಮುಖದ ಹಾಗೇ ಇರುತ್ತಿತ್ತು, ಯಾವ ಮೂಲೆಯಿಂದ ನೋಡಿದರೂ ಬಣ್ಣ ಮಾಸುತ್ತಿರಲಿಲ್ಲ. ಅವಳು ಮಂಚದ ಮೇಲೆ ಓರೆಯಾಗಿ ಒರಗಿ, ಪಕ್ಕದಲ್ಲಿ ಮೊರ ಇಟ್ಟುಕೊಂಡು ಹುರುಳಿ ಆರಿಸುತ್ತ ನೋಡುವವಳು. 2008ರಲ್ಲೇ ಸೋನಿ ಪಿಕ್ಚರ್ ಟ್ಯೂಬಿನ ಟೀವಿ ಮಾಡುವುದನ್ನು ನಿಲ್ಲಿಸಿತ್ತು. ಅಮ್ಮನಿಗೆ ಹೇಳಿದೆ. ನನ್ನದು ನಿಂತಿಲ್ಲವಲ್ಲ ಎಂದಳು. 2011ರಲ್ಲಿ ಅಮ್ಮ ತೀರಿಕೊಂಡಳು. ಟೀವಿಯನ್ನು ಕಟ್ಟಡದ ಕಾವಲುಗಾರರಿಗೆ ಕೊಟ್ಟೆವು, ಅವರ ಕೋಣೆಯಲ್ಲಿ ಅದು ಇನ್ನೂ ಕೆಲವು ವರ್ಷ ಹಾಡಿತು.

ಭಾವನ ಪ್ಲಾಸ್ಮಾಕ್ಕೆ ಅಷ್ಟರಲ್ಲಿ ಮಚ್ಚೆ ಬಿದ್ದಿತ್ತು. ಮನೆಯ ಹಿರಿಯರು ದಿನವಿಡೀ ಒಂದೇ ಚಾನೆಲ್ ಹಾಕಿಡುತ್ತಿದ್ದರು. ಮೂಲೆಯ ಮುದ್ರೆ ಪರದೆಯ ಪುಡಿಯನ್ನು ಸವೆಸಿ ಅಲ್ಲೇ ಅಚ್ಚಾಗಿ ಉಳಿಯಿತು. ಬೇರೆ ಚಾನೆಲ್ ಹಾಕಿದರೂ ತಿಳಿ ಆಕಾಶದ ಮೂಲೆಯಲ್ಲಿ ಅದರ ಛಾಯೆ. 2012ರಲ್ಲಿ ಚೆನ್ನೈಯಲ್ಲೂ ದಿನಕ್ಕೆರಡು ಗಂಟೆ ಕರೆಂಟು ತೆಗೆಯತೊಡಗಿದರು. ನಮ್ಮ ಎಲ್‌ಸಿಡಿ ಇನ್ವರ್ಟರಿನಲ್ಲಿ ನಡೆಯಿತು, ಭಾವನದು ನಡೆಸಿದರೆ ಬ್ಯಾಟರಿ ಬೇಗ ಬರಿದಾಗುತ್ತಿತ್ತು. ಜಗತ್ತಿನ ಕಡೆಯಿಂದಲೂ ಸುದ್ದಿ ಒಳ್ಳೆಯದಿರಲಿಲ್ಲ. ಎಲ್ಲಕ್ಕಿಂತ ಚೆಂದದ ಕಪ್ಪು ತೋರಿಸುತ್ತಿದ್ದ ಪಯೋನಿಯರ್ ಪ್ಲಾಸ್ಮಾವನ್ನು ಮೊದಲೇ ಕೈಬಿಟ್ಟಿತ್ತು, ಪ್ಯಾನಸಾನಿಕ್ 2013ರ ಕೊನೆಗೆ ತಯಾರಿಕೆ ನಿಲ್ಲಿಸಿತು, ಸ್ಯಾಮ್‌ಸಂಗ್, ಎಲ್‌ಜಿ 2014ಕ್ಕೆ. ಅಷ್ಟರಲ್ಲಿ ಎಲ್‌ಸಿಡಿಯ ಬಾಲವೂ ಮೊಟಕಾಗಿತ್ತು, ಬೆಲೆಯೂ ಇಳಿದಿತ್ತು. ಶ್ರೀಪೆರಂಬದೂರಿನಲ್ಲಿ 2007ರಲ್ಲಿ ಶುರುವಾದ ಸ್ಯಾಮ್‌ಸಂಗ್ ಕಾರ್ಖಾನೆಯ ಲಾರಿಗಳು ಪೂನಮಲ್ಲಿ ಹೆದ್ದಾರಿಯಲ್ಲಿ ಬರುತ್ತಿದ್ದವು.

2015ರ ಡಿಸೆಂಬರಿನಲ್ಲಿ ಅಡಯಾರು ನದಿ ಕೊಟ್ಟೂರುಪುರಕ್ಕೆ ನುಗ್ಗಿತು. ಭಾವನದು ನೆಲಮಹಡಿ. ಅಕ್ಕ, ಭಾವ ರಾತ್ರೋರಾತ್ರಿ ಮೇಲಿನವರ ಮನೆಗೆ ಹತ್ತಿದರು, ನೀರು ಗೋಡೆಯ ಪ್ಲಾಸ್ಮಾದ ನೆತ್ತಿಯವರೆಗೂ ಏರಿ ಇಳಿಯಿತು. ನೀರಿಳಿದ ಮೇಲೆ ನಾವು ಹೋದಾಗ ಬೀದಿಯುದ್ದಕ್ಕೂ ಹಾಸಿಗೆ, ಪುಸ್ತಕ, ಟೀವಿಗಳ ರಾಶಿ. ಬುರುಡೆ ಟೀವಿ, ಪ್ಲಾಸ್ಮಾ, ಎಲ್‌ಸಿಡಿ ಎಲ್ಲ ಒಂದರ ಮೇಲೊಂದು, ಎಲ್ಲಕ್ಕೂ ಒಂದೇ ಕೆಸರಿನ ವಾಸನೆ. ಭಾವ ರಿಪೇರಿಗೆ ವಿಚಾರಿಸಿದರು; ಬಿಡಿಭಾಗ ಎಲ್ಲೂ ಇರಲಿಲ್ಲ. ಗುಜರಿಯವನು 300 ಕೊಟ್ಟ, ಹೊತ್ತೊಯ್ಯಲು ಇಬ್ಬರು ಬೇಕಾಯಿತು. ಭಾವ ಆ ಟೀವಿಗಾಗಿ ದುಃಖಪಡಲಿಲ್ಲ. ಒದ್ದೆಯಾದ ಫೋಟೋ ಆಲ್ಬಂ ಒಣಗಿಸುವುದರಲ್ಲಿ ಮುಳುಗಿದ್ದರು.

ಕಳೆದ ವರ್ಷ ಮಗಳು ಪೆರುಂಗುಡಿಯ ಹೊಸ ಮನೆಗೆ ಟೀವಿ ಕೊಳ್ಳುವಾಗ ನನ್ನನ್ನೂ ಕರೆದೊಯ್ದಳು. ಈಗ ಒಎಲ್‌ಇಡಿ ಎಂಬುದಿದೆ, ಅದರಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಆರಿದರೆ ಪೂರ್ತಿ ಕತ್ತಲು. ಡಿವಿಡಿ ಹಾಕುವ ಯಂತ್ರ ಅಂಗಡಿಯಲ್ಲಿಲ್ಲ. ಮೊಮ್ಮಗ ಪರದೆಯಲ್ಲೇ ಹುಡುಕಿ ಸತ್ಯ ಹರಿಶ್ಚಂದ್ರ ಹಾಕಿದ. ಸ್ಮಶಾನದ ಇರುಳು ಪ್ಲಾಸ್ಮಾದಲ್ಲಿ ಕಂಡದ್ದಕ್ಕಿಂತಲೂ ಕಪ್ಪಾಗಿತ್ತು. ನನಗೆ ತುಂಬ ಸಂತೋಷವಾಯಿತು. ಒಂದೇ ಮುದ್ರೆ ಬಹಳ ಹೊತ್ತು ಇದ್ದರೆ ಅಚ್ಚು ಬೀಳುವ ಭಯ ಇದಕ್ಕೂ ಇದೆಯೇ ಎಂದು ಕೇಳಿದೆ. ಇದೆ, ಈಗ ಕಡಿಮೆ ಎಂದ ಮಾರಾಟದ ಹುಡುಗ. 55 ಇಂಚಿಗೆ ಲಕ್ಷದ ಮೇಲೆ. ಮಗಳ ಹಜಾರದಲ್ಲಿ ಗೋಡೆಯಗಲದ ಗಾಜಿನ ಕಿಟಕಿ, ಮೊಮ್ಮಗ ಹಗಲೆಲ್ಲ ಕಾರ್ಟೂನು ನೋಡುವವನು. ರಿಮೋಟು ಇಸಿದುಕೊಂಡು ಅಂಗಡಿಯವರು ಏರಿಸಿಟ್ಟ ಹೊಳಪನ್ನು ಇಳಿಸಿ, ಹಿಂದಿನ ದಿನದ ಒಂದು ಪಂದ್ಯ ಹಾಕಿ ನೋಡಿದೆವು. ಕೊನೆಗೆ ಕೊಂಡದ್ದು 43 ಇಂಚಿನ ಎಲ್‌ಇಡಿ, 26,990 ರೂಪಾಯಿ. ಒಳಗಿರುವುದು ಅದೇ ದ್ರವಹರಳು, ಹಿಂದಿನ ದೀಪವಷ್ಟೇ ಬದಲಾಗಿದೆ ಎಂದು ಮೊಮ್ಮಗನಿಗೆ ಹೇಳಿದೆ; ದೀಪ ಎಲ್ಲಿದೆ ತೋರಿಸು ಎಂದು ಅವನು ಟೀವಿಯ ಹಿಂದೆ ಹೋಗಿ ನಿಂತ. ಮರುದಿನ ಹುಡುಗನೊಬ್ಬ ಅದನ್ನು ಒಂದೇ ಕಂಕುಳಲ್ಲಿ ಇರುಕಿಕೊಂಡು ಬಂದ, ಗೋಡೆಗೆ ನಾಲ್ಕು ತೂತು ಕೊರೆದು ಸಿಕ್ಕಿಸಿ, ಥರ್ಮೋಕೋಲು ಅಲ್ಲೇ ಬಿಟ್ಟು, ಮುಂದಿನ ಮನೆಗೆ ಹೊರಟ.